ಕಡಲ ದಂಡೆಗೆ ಹೋದ ಕಂಬಳಿ ಮಗ್ಗ

ಜಾಲಹಳ್ಳಿ

ಧಡ್, ಧಡ್. ಒಂದು ಉಸಿರಿನಷ್ಟು ತಡೆದು ಮತ್ತೊಂದು ಧಡ್. ಮಧ್ಯಾಹ್ನ ಊಟವಾಗಿ ಕಣ್ಣಿಗೆ ಮಂಪರು ಹತ್ತುವ ಹೊತ್ತಿನಲ್ಲಿ ಈಗಲೂ ನನಗೆ ಈ ಸದ್ದು ಕೇಳುತ್ತದೆ. ಕಂಬಳಿ ಮಗ್ಗದಲ್ಲಿ ಅಡ್ಡ ನೂಲು ತೂರಿಸಿ ಮರದ ಹಲಗೆಯಿಂದ ಬಡಿಯುವ ಸದ್ದು ಅದು. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ದೇವದುರ್ಗದ ಬಸ್ಸು ಹಿಡಿದು ಜಾಲಹಳ್ಳಿಯಲ್ಲಿ ಇಳಿದರೆ, ಓಣಿ ಕಾಣುವ ಮೊದಲೇ ಸದ್ದು ಬಂದು ಎದುರುಗೊಳ್ಳುತ್ತಿತ್ತು.

ನಾನು ಆಗ ರಾಯಚೂರಿನಲ್ಲಿ ಕೈಕಸುಬಿನವರಿಗೆ ಸಂಬಂಧಿಸಿದ ಒಂದು ಕಚೇರಿಯಲ್ಲಿ ಅಸಿಸ್ಟೆಂಟ್. ಹುಟ್ಟಿದ್ದು ಮಾನ್ವಿ, ಓದಿದ್ದು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ, ಬೋರ್ಡಿಂಗಿನಲ್ಲಿದ್ದುಕೊಂಡು. ಆಫೀಸಿನಲ್ಲಿ ನನ್ನ ಬೆಲೆ ಇದ್ದದ್ದು ಆ ಕಾನ್ವೆಂಟ್ ಇಂಗ್ಲಿಷಿಗೆ ಮಾತ್ರ. ಒಂದು ದಿನ ಸಿಲೋನಿನಿಂದ, ಅಂದರೆ ಶ್ರೀಲಂಕಾದಿಂದ, ಕಾಗದ ಬಂತು. ಅಲ್ಲಿಯ ಸಮುದ್ರದ ದಂಡೆಯ ಹೋಟೆಲೊಂದು ಹನ್ನೆರಡು ದಿನ ಭಾರತದ ಕೈಕೆಲಸಗಳ ಡೆಮಾನ್‌ಸ್ಟ್ರೇಶನ್ ಇಡುತ್ತದಂತೆ. ಕಸುಬಿನವರು ಬರಬೇಕು, ಜೊತೆಗೊಬ್ಬ ಎಸ್ಕಾರ್ಟ್. ಮೇಲಿನ ಆಫೀಸಿನಲ್ಲಿ ಯಾರೋ ಪುಣ್ಯಾತ್ಮರು ಪಟ್ಟಿಯ ಮೇಲೆ ಬೆರಳಿಟ್ಟು ‘ಉಣ್ಣೆ ಕಂಬಳಿ’ ಎಂದು ಆರಿಸಿದ್ದರು. ಬೆವರು ಕಿತ್ತುಬರುವ ಟ್ರಾಪಿಕಲ್ ಬೀಚಿಗೆ ಕಂಬಳಿ ಯಾಕೆ ಎಂದು ಯಾರೂ ಕೇಳಲಿಲ್ಲ. ಎಸ್ಕಾರ್ಟ್ ನಾನು. ನಾನಂತೂ ಕೇಳಲೇ ಇಲ್ಲ. ನನಗೆ ಆಗ ಮೂವತ್ನಾಲ್ಕು ವರ್ಷ, ನಮ್ಮ ಕಡೆಯ ಹೊಳೆ-ಕೆರೆಗಿಂತ ದೊಡ್ಡ ನೀರನ್ನು ಕಣ್ಣಾರೆ ಕಂಡವಳಲ್ಲ.

ಕಸುಬಿನವರು ಜಾಲಹಳ್ಳಿಯ ಮಾಳಪ್ಪ, ಅವನ ಹೆಂಡತಿ ಯಲ್ಲವ್ವ. ಯಲ್ಲವ್ವ ಉಣ್ಣೆ ನೂಲುತ್ತಿದ್ದಳು, ಮಾಳಪ್ಪ ನೇಯುತ್ತಿದ್ದ. ಪಾಸ್‌ಪೋರ್ಟಿನ ಅರ್ಜಿ ತುಂಬಲು ಅವರ ಕಟ್ಟೆಯ ಮೇಲೆ ಕುಳಿತು “ಯಲ್ಲವ್ವಾ, ನೀ ಹುಟ್ಟಿದ್ದು ಯಾವಾಗ?” ಎಂದೆ.

“ನಮ್ಮವ್ವ ಸಂತಿಗಿ ಹೊಂಟಿದ್ಲಂತ್ರಿ ಅಕ್ಕೋರ. ದಾರ್ಯಾಗ ಹುಟ್ಟೀನಿ. ಸಂತಿ ದಿನ ಬರ್ಕೊಳ್ರಿ.”

“ವರ್ಷ ಬೇಕಲ್ಲ?”

“ವರ್ಷ ನಿಮಗ ಹ್ಯಾಂಗ ಬೇಕೋ ಹಾಂಗ ಹಾಕ್ರಿ. ಇವ್ರಕಿಂತ ಸಣ್ಣಾಕಿ ಇದ್ರ ಸಾಕು.”

ಮಾಳಪ್ಪ ಮಗ್ಗದ ಗುಂಡಿಯಿಂದಲೇ ಕೂಗಿದ: “ಭಾಳ ಸಣ್ಣಾಕಿ ಮಾಡಬ್ಯಾಡ್ರೀ, ಪೊಲೀಸರು ನನ್ನ ಹಿಡ್ಕೊಂಡು ಹೋಗ್ತಾರ!”

ಓದುವವರಿಗೆ ಆ ಗುಂಡಿಯ ವಿಷಯ ಇಲ್ಲೇ ಹೇಳಿಬಿಡಬೇಕು. ಕಂಬಳಿ ಮಗ್ಗ ನೆಲದ ಮಟ್ಟದಲ್ಲಿರುತ್ತದೆ. ನೇಯುವವನು ನೆಲದಲ್ಲಿ ಸೊಂಟದುದ್ದ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾನೆ. ಕೆಳಗೆ ಎರಡು ಹಲಗೆಗಳನ್ನು ಕಾಲಿನಿಂದ ಒತ್ತುತ್ತ, ಮೇಲೆ ಕೈಯಿಂದ ನೇಯುತ್ತಾನೆ. ಮಾಳಪ್ಪ ಬೆಳಿಗ್ಗೆ ಗುಂಡಿಗೆ ಕೈಮುಗಿಯದೆ ಇಳಿಯುತ್ತಿರಲಿಲ್ಲ. ಅವರ ಮನೆತನದಲ್ಲಿ ಹೆಂಗಸರು ಅದರಲ್ಲಿ ಕಾಲಿಡುವಂತಿರಲಿಲ್ಲ.

ಹಡಗು

ರಾಯಚೂರಿನಿಂದ ಮದ್ರಾಸಿಗೆ, ಅಲ್ಲಿಂದ ರಾಮೇಶ್ವರಕ್ಕೆ ರೈಲು. ಮಗ್ಗದ ಕಟ್ಟಿಗೆಗಳ ಕಟ್ಟು, ಉಣ್ಣೆಯ ಗಂಟು, ನನ್ನ ಪೋರ್ಟಬಲ್ ಟೈಪ್‌ರೈಟರ್, ಯಲ್ಲವ್ವ ಒಂದು ಡಬ್ಬಿ ತುಂಬ ತಂದಿದ್ದ ಕಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ. ರೈಲು ಡಬ್ಬಿಯಲ್ಲಿದ್ದವರೆಲ್ಲ ನಮ್ಮ ಉಣ್ಣೆಯ ಗಂಟನ್ನು ಮೂಸಿ ಮೂಸಿ ದೂರ ಸರಿದದ್ದರಿಂದ ನಮಗೆ ಮೂವರಿಗೂ ಕಾಲು ಚಾಚಲು ಜಾಗ ಸಿಕ್ಕಿತು. ಕುರಿಯ ವಾಸನೆಗೂ ಒಂದು ಕಂಫರ್ಟ್ ಇದೆ ಎಂದು ಅಂದು ಕಲಿತೆ.

ಹಡಗಿನ ಡೆಕ್ಕಿನ ಮೇಲೆ ಮಾಳಪ್ಪ ಕಂಬಳಿ ಮುಸುಕು ಹಾಕಿ ಕಣ್ಣುಮುಚ್ಚಿ ಕುಳಿತ. ನೀರು ಕಂಡರೆ ತಲೆ ತಿರುಗುತ್ತದಂತೆ. ಯಲ್ಲವ್ವ ಮಾತ್ರ ಕಂಬಿ ಹಿಡಿದು ನಿಂತಳು. ಕೈಯಲ್ಲಿ ಉಣ್ಣೆ ನೂಲುವ ಕದಿರು ತಿರುಗುತ್ತಲೇ ಇತ್ತು. ಬಸ್ಸಿನಲ್ಲಿ, ರೈಲಿನಲ್ಲಿ, ಹಡಗಿನಲ್ಲಿ ಎಲ್ಲಿಯೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬಹಳ ಹೊತ್ತು ನೋಡಿ ಅಂದಳು:

“ಅಕ್ಕೋರ, ನನಗೊಂದು ಆಸಿ ಅದ. ನಗಬಾರ್ದು.”

“ಹೇಳು.”

“ನಾ ಹತ್ತು ವರ್ಷದಾಕಿ ಇದ್ದಾಗ ನಮ್ಮಪ್ಪನ ಮಗ್ಗದ ಗುಂಡ್ಯಾಗ ಇಳದಿದ್ದೆ. ಒಂದು ಎಳಿ ಸೈತ ಹಾಕಿದ್ದಿಲ್ರಿ, ಬರೇ ಕುಂತಿದ್ದೆ. ನಮ್ಮ ಮುದೇಕಿ ಎಳದು ಕಪಾಳಕ್ಕ ಕೊಟ್ಲು. ಗುಂಡಿಗಿ ನೀರು ಚಿಮಕಿಸಿ ಊದಿನಕಡ್ಡಿ ಹಚ್ಚಿದ್ರು.” ಕದಿರನ್ನು ಒಮ್ಮೆ ಜೋರಾಗಿ ತಿರುವಿದಳು. “ನೂಲು ನಂದು, ಕಂಬಳಿ ಇವ್ರದು. ಒಂದರೆ ಕಂಬಳಿ ನನ್ನ ಕೈಲೆ ನೇಯಬೇಕು ಅಂತ ಅದ. ಅಷ್ಟ.”

“ಮಾಳಪ್ಪಗ ಹೇಳಿ ನೋಡಿದ್ಯಾ?”

“ಹೇಳಿದ್ರ ನಗ್ತಾರ. ಬೈದ್ರ ಬೈಲಿ, ನಗೋದು ನನಗ ತಡಿಯೂದಿಲ್ಲ.”

ನಾನು ನಗಲಿಲ್ಲ. ಆದರೆ ಏನನ್ನೂ ಹೇಳಲೂ ಇಲ್ಲ. ಕಾನ್ವೆಂಟಿನಲ್ಲಿ ನಮಗೆ ಸಂತಾಪ ಸೂಚಿಸುವುದನ್ನು ಕಲಿಸಿದ್ದರು, ಸಹಾಯ ಮಾಡುವುದನ್ನು ಅಷ್ಟಾಗಿ ಅಲ್ಲ.

ಆಚೆ ದಡದಲ್ಲಿ ಕಸ್ಟಮ್ಸಿನವರು ನಮ್ಮ ಗಂಟು ಬಿಚ್ಚಿಸಿದರು. ಹಿಟ್ಟಿನಂಥ ಒಂದು ಚೀಲ ಸಿಕ್ಕಿತು. ಆಫೀಸರ್ ಹುಬ್ಬೇರಿಸಿದ. ಅದು ಹುಣಸೆಬೀಜದ ಹಿಟ್ಟು. ಗಂಜಿ ಕಾಯಿಸಿ ನೂಲಿಗೆ ಹಚ್ಚಿದರೆ ನೂಲು ಬಿಗಿಯಾಗುತ್ತದೆ. “ತಿನ್ನುವುದೇ?” ಎಂದು ಇಂಗ್ಲಿಷಿನಲ್ಲಿ ಕೇಳಿದ. “ನಾವಲ್ಲ ಸರ್, ಕಂಬಳಿ ತಿನ್ನುತ್ತದೆ” ಎಂದೆ. ಅವನಿಗೆ ಅನುಮಾನ ಇನ್ನೂ ಹೆಚ್ಚಾಯಿತು. ಕೊನೆಗೆ ಮಾಳಪ್ಪ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣರಳಿಸಿ, ಜೀವಂತ ನಿಂತು ತೋರಿಸಿದ. ಬಿಟ್ಟರು.

ದಂಡೆಯ ಮೊದಲ ದಿನ

ಹೋಟೆಲು ತೆಂಗಿನ ಮರಗಳ ಕೆಳಗಿತ್ತು. ಅದರಾಚೆ ಮರಳು, ಮರಳಿನಾಚೆ ಸಮುದ್ರ. ಯಲ್ಲವ್ವ ಸೀರೆ ಎತ್ತಿ ಕಟ್ಟಿ ಮೊದಲು ಮಾಡಿದ ಕೆಲಸ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡದ್ದು. ಥೂ ಎಂದು ಉಗಿದು ನನ್ನ ಕಡೆ ತಿರುಗಿದಳು. ಮುಖದಲ್ಲಿ ನಿಜವಾದ ಸಿಟ್ಟು.

“ಇಷ್ಟೆಲ್ಲಾ ನೀರು ಕೆಡಿಸಿ ಇಟ್ಟಾರಲ್ರೀ!”

ಮರಳಿನ ಮೇಲೆ ಯುರೋಪಿನ ಟೂರಿಸ್ಟುಗಳು ಸಾಲಾಗಿ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದರು. ಪಕ್ಕದಲ್ಲೇ ತೆಂಗಿನ ನೆರಳು ಖಾಲಿ ಬಿದ್ದಿತ್ತು. ಮಾಳಪ್ಪ ಧ್ವನಿ ತಗ್ಗಿಸಿ ಕೇಳಿದ:

“ಇವ್ರಿಗೇನಾಗೇದ್ರಿ? ಜಡ್ಡೇನು?”

“ಇಲ್ಲ, ಬಿಸಿಲು ಕಾಯಿಸ್ಕೊಳ್ಳಾಕತ್ತಾರ. ಅವರ ದೇಶದಾಗ ಬಿಸಿಲಿಲ್ಲ.”

“ಅಯ್ಯ, ಅದಕ್ಕ ಇಷ್ಟು ದೂರ ಯಾಕ ಬರಬೇಕ್ರಿ? ರಾಯಚೂರಿಗಿ ಬರಾಕ ಹೇಳ್ರಿ. ಎರಡೂ ಮಗ್ಗಲಾ ಬೇಯಿಸಿ ಕಳಸ್ತೀವಿ.”

ಹೋಟೆಲಿನ ಮ್ಯಾನೇಜರ್ ಪೆರೇರಾ ಎಂಬ ಶಿಸ್ತಿನ ಮನುಷ್ಯ, ಬಿಳಿ ಶರ್ಟು, ಬಿಳಿ ಬೂಟು. ನಮ್ಮನ್ನು ಆದರದಿಂದ ಬರಮಾಡಿಕೊಂಡು ಒಂದೇ ಮಾತು ಹೇಳಿದ: ಕೊನೆಯ ಸಂಜೆ ಎಲ್ಲ ಅತಿಥಿಗಳ ಮುಂದೆ ಇಲ್ಲಿಯೇ ನೇಯ್ದ ಒಂದು ಕಂಬಳಿಯನ್ನು ಮಗ್ಗದಿಂದ ಕತ್ತರಿಸಿ ಇಳಿಸಬೇಕು, ಆಮಂತ್ರಣದ ಕಾರ್ಡು ಅಚ್ಚಾಗಿದೆ. ನಾನು ಓ ಯೆಸ್ ಎಂದೆ. ಮಾಳಪ್ಪನಿಗೆ ಒಂದು ಕಂಬಳಿ ಎಂದರೆ ಮೂರು ದಿನದ ಕೆಲಸ.

ನನಗೂ ಕೆಲಸವಿತ್ತು. ಪ್ರತಿದಿನ ಒಂದು ರಿಪೋರ್ಟ್ ಟೈಪ್ ಮಾಡಿ ರಾಯಚೂರಿಗೆ ಅಂಚೆಗೆ ಹಾಕಬೇಕು. ಟೈಪ್‌ರೈಟರನ್ನು ತೆಂಗಿನ ಮರದ ಕೆಳಗಿನ ಮೇಜಿಗೆ ಹೊತ್ತು ತಂದೆ. ಒಂದು ಸಾಲು ಟೈಪು, ಒಂದು ಗುಟುಕು ಎಳನೀರು, ಒಂದು ಅಲೆ. ಕೆಲಸದ ಹೊತ್ತಿನಲ್ಲಿ ಕಿಟಕಿಯಾಚೆ ನೋಡುವುದು ಕಳ್ಳತನಕ್ಕೆ ಸಮ ಎಂದು ನಮ್ಮ ಕ್ಲಾಸಿನ ಸಿಸ್ಟರ್ ಹೇಳುತ್ತಿದ್ದರು. ಇಲ್ಲಿ ಕಿಟಕಿಯೇ ಇರಲಿಲ್ಲ, ಸಿಸ್ಟರ್. ಎಲ್ಲ ಆಚೆಯೇ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾದ ರಿಪೋರ್ಟುಗಳನ್ನು ಮತ್ತೆ ಬರೆದಿಲ್ಲ.

ಗುಂಡಿ

ಎರಡನೆಯ ದಿನ ಮಾಳಪ್ಪ ಮಗ್ಗಕ್ಕೆ ಜಾಗ ಆರಿಸಿದ. ಅತಿಥಿಗಳು ನೋಡುವಂತಿರಬೇಕು, ಗಾಳಿ ಇರಬೇಕು ಎಂದು ಮರಳು ದಂಡೆಯ ಅಂಚಿನಲ್ಲೇ ಗೆರೆ ಎಳೆದ. ಗುದ್ದಲಿ ಕೇಳಿ ತಂದ. ಹೋಟೆಲಿನ ತೋಟದ ಮಾಲಿ ಸೋಮಪಾಲ ಎಂಬ ಮುದುಕ ಬಂದು ನೋಡಿದ. ಅವನಿಗೆ ಸಿಂಹಳ ಬಿಟ್ಟು ಬೇರೆ ಬಾರದು. ನಮ್ಮಲ್ಲಿ ಯಾರಿಗೂ ಸಿಂಹಳದ ಗಂಧವಿಲ್ಲ. ಅವನು ಕೈ ಆಡಿಸಿ ಏನೋ ಹೇಳಿದ. ಮಾಳಪ್ಪ ತಾನೂ ಕೈ ಆಡಿಸಿ, “ಹೌದ್ರಿ ಯಪ್ಪಾ, ಮಗ್ಗ ಹಾಕಾಕತ್ತೀವಿ” ಎಂದ. ಮುದುಕ ಹೋಗಿ ಒಂದು ಬಕೆಟ್ ತಂದು ಪಕ್ಕದಲ್ಲಿಟ್ಟು, ತೆಂಗಿನ ಬುಡದಲ್ಲಿ ಆರಾಮಾಗಿ ಕುಳಿತ.

“ಬಕೀಟು ಯಾಕ್ರಿ?” ಎಂದಳು ಯಲ್ಲವ್ವ.

“ಮಣ್ಣು ಹೊರಾಕ ಇರಬೇಕು. ಒಳ್ಳೇ ಮನಷ್ಯಾ” ಎಂದ ಮಾಳಪ್ಪ.

ನಮ್ಮ ಕಡೆ ನೆಲ ಹೇಗೆ ಎಂದು ನಿಮಗೆ ಗೊತ್ತು. ಜಾಲಹಳ್ಳಿಯಲ್ಲಿ ಬಾವಿ ತೋಡುವವರು ಬಂಡೆ ಸಿಡಿಸಿ ಸಿಡಿಸಿ, ಮೂರು ಆಳುದ್ದ ಇಳಿದರೂ ಧೂಳು ಮೆತ್ತಿಕೊಂಡೇ ಮೇಲೆ ಬರುತ್ತಾರೆ. ನೆಲ ತೋಡಿದರೆ ನೀರು ಬರುತ್ತದೆ ಎಂಬ ಭಯ ನಮ್ಮ ಜನರ ಕನಸಿನಲ್ಲಿಯೂ ಸುಳಿಯದು. ಇಲ್ಲಿ ಮೊಳಕಾಲುದ್ದ ತೋಡುತ್ತಲೇ ಗುಂಡಿಯ ತಳ ಮಿನುಗಿತು. ಮಾಳಪ್ಪ ಬಗ್ಗಿ ನೋಡಿದ.

“ನೀರು!” ಎಂದು ಕಿರುಚಿದ. “ಏ ಯಲ್ಲಿ, ನೀರು ಬಂತಲೇ!” ಅವನ ದನಿಯಲ್ಲಿ ಭಯವಿರಲಿಲ್ಲ, ಹಬ್ಬವಿತ್ತು. ಬಾವಿಯಲ್ಲಿ ಸೆಲೆ ಒಡೆದವನಂತೆ ಆ ನೀರಿಗೂ ಕೈಮುಗಿದ. ಆಮೇಲೆ ಮಗ್ಗ ನೆನಪಾಯಿತು. ನೀರು ಮೊಗೆದು ಹಾಕಿದರೆ ಒಣಗುತ್ತದೆ ಎಂದು ಬಕೆಟ್ ಎತ್ತಿಕೊಂಡ. ಸೋಮಪಾಲ ತೆಂಗಿನ ಬುಡದಲ್ಲಿ ತಲೆಯಾಡಿಸಿದ. ಮೊಗೆದಷ್ಟೂ ಬಂತು. ಹತ್ತಿಪ್ಪತ್ತು ಬಕೆಟ್ ಮೊಗೆಯುವಷ್ಟರಲ್ಲಿ ಒಂದು ಬದಿಯ ಮರಳು ಧಸಕ್ಕನೆ ಕುಸಿಯಿತು, ಮಾಳಪ್ಪನ ಎಡಗಾಲು ಅದರಡಿ ತಿರುಚಿಕೊಂಡಿತು.

ಹೋಟೆಲಿನ ಡಾಕ್ಟರು ನೋಡಿ, ಮುರಿದಿಲ್ಲ, ಹತ್ತು ದಿನ ಕಾಲು ಊರಬಾರದು, ಏನನ್ನೂ ಒತ್ತಬಾರದು ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮಾಳಪ್ಪ ಕಾಲನ್ನು ನೋಡಲಿಲ್ಲ, ಸುತ್ತಿಟ್ಟ ನೂಲನ್ನು ನೋಡಿದ. ಮಗ್ಗವೆಂದರೆ ಕಾಲೇ ಅಲ್ಲವೇ. ನಾನು ಯಲ್ಲವ್ವನನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಜಗಲಿ

ಮೂರನೆಯ ದಿನ ಪೆರೇರಾ ಬಂದು ಬಹಳ ಮರ್ಯಾದೆಯಿಂದ, ಕಂಬಳಿ ಆಗದಿದ್ದರೆ ನಿಮ್ಮನ್ನು ಬೇಗನೆ ಕಳುಹಿಸಿಕೊಡಲು ಏರ್ಪಾಡು ಮಾಡುತ್ತೇನೆ ಎಂದ. ಪೊಲೈಟ್ ಮನುಷ್ಯರ ಬೆದರಿಕೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ನಾನು ಒಂದು ದಿನ ಕೊಡಿ ಎಂದೆ.

ಅಷ್ಟರಲ್ಲಿ ಸೋಮಪಾಲ ನನ್ನ ಸೀರೆಯ ಅಂಚು ಹಿಡಿದು ಎಳೆಯುವುದೊಂದು ಬಾಕಿ, ಅಷ್ಟು ಅವಸರದಿಂದ ಕರೆದುಕೊಂಡು ಹೋಗಿ ಹೋಟೆಲಿನ ಹಿಂಭಾಗ ತೋರಿಸಿದ. ಅಲ್ಲಿ ತೆಂಗಿನಕಾಯಿ ಪೇರಿಸುವ ಒಂದು ಚಪ್ಪರ, ಅದರ ಮುಂದೆ ಸೊಂಟದೆತ್ತರದ ಜಗಲಿ; ಮರಗಳ ಸಂದಿಯಲ್ಲಿ ಅಲ್ಲಿಗೂ ಸಮುದ್ರ ಕಾಣುತ್ತಿತ್ತು. ಅವನು ಜಗಲಿಯ ಅಂಚಿಗೆ ಕುಳಿತು ಕಾಲು ಇಳಿಬಿಟ್ಟು, ಗಾಳಿಯಲ್ಲಿ ಎರಡೂ ಪಾದ ಒತ್ತಿ ಒತ್ತಿ ತೋರಿಸಿದ. ಕೆಳಗೆ ತೋಡಲಾಗದಿದ್ದರೆ ಮೇಲೆ ಕೂರಿ! ಅವನು ಮಗ್ಗವನ್ನು ಹಿಂದೆ ಎಂದೂ ಕಂಡವನಲ್ಲ. ಒಂದು ದಿನ ಕುಳಿತು ನೋಡಿದ್ದನಷ್ಟೆ.

ಮಗ್ಗವನ್ನು ಜಗಲಿಯ ಮೇಲೆ ಹೂಡಿದರು. ಕಾಲಿನ ಹಲಗೆಗಳು ಅಂಚಿನಿಂದ ಕೆಳಗೆ ತೂಗಿದವು. ಎಲ್ಲ ಸರಿಯಾಯಿತು, ಕೂರುವವರೇ ಇಲ್ಲ. ಮಾಳಪ್ಪ ಚಪ್ಪರದ ಕಂಬಕ್ಕೆ ಒರಗಿ, ಎಣ್ಣೆ ಬಟ್ಟೆ ಕಟ್ಟಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಕುಳಿತಿದ್ದ.

ಆಗ ಯಲ್ಲವ್ವ ಅಂದಳು: “ನಾ ಕೂಡ್ತೀನಿ.”

ಮಾಳಪ್ಪ ನಗಲಿಲ್ಲ. ಅದೇ ಅವಳಿಗೆ ಧೈರ್ಯ ಕೊಟ್ಟಿರಬೇಕು.

“ಹುಚ್ಚೇನ್ ನಿನಗ? ಹೆಂಗಸ್ರು ಗುಂಡ್ಯಾಗ ಕಾಲಿಡಬಾರ್ದು.”

“ಗುಂಡಿ ಎಲ್ಲದ ತೋರಸ್ರಿ.”

“ಏನು?”

“ಗುಂಡಿ ಎಲ್ಲದ ಅಂತ ಕೇಳಿದೆ. ನಿಮ್ಮ ಹಿರೇರು ಹೇಳಿದ್ದು ಗುಂಡ್ಯಾಗ ಇಳಿಬ್ಯಾಡ ಅಂತ. ಇದು ಕಟ್ಟಿ. ಕಟ್ಟಿ ಮ್ಯಾಲ ನಾ ದಿನಾ ಕೂಡ್ತೀನಿ, ಅಕ್ಕಿ ಆರಿಸ್ತೀನಿ, ನಿಮಗ ಬೈತೀನಿ. ಅದಕ್ಯಾರೂ ನೀರು ಚಿಮಕಿಸಿಲ್ಲ.”

ಮಾಳಪ್ಪ ನನ್ನ ಮುಖ ನೋಡಿದ, ನ್ಯಾಯ ಹೇಳಿ ಎಂಬಂತೆ. ನಾನು ಹಡಗಿನಲ್ಲಿ ಸುಮ್ಮನಿದ್ದದ್ದು ಸಾಕಾಗಿತ್ತು. “ಆಕಿ ಹೇಳೋದು ಖರೇ ಅದ ಮಾಳಪ್ಪ. ಗುಂಡಿ ಅಂತೂ ನನಗೂ ಕಾಣವಲ್ದು” ಎಂದೆ.

ಅವನು ಸಮುದ್ರದ ಕಡೆ ಮುಖ ತಿರುಗಿಸಿದ. ಯಲ್ಲವ್ವ ಮಗ್ಗಕ್ಕೆ ಕೈಮುಗಿದು, ಸೀರೆ ಹಿಂದಕ್ಕೆ ಸಿಕ್ಕಿಸಿ, ಅಂಚಿಗೆ ಕುಳಿತಳು. ಅಡ್ಡ ನೂಲಿನ ಲಾಳಿ ಎತ್ತಿಕೊಂಡಳು. ಒಮ್ಮೆ ತಿರುವಿ ಹಿಡಿದಳು, ಮತ್ತೆ ತಿರುವಿದಳು. ಇಪ್ಪತ್ತೈದು ವರ್ಷದಿಂದ, ಮೊನ್ನೆ ಹಡಗಿನ ಡೆಕ್ಕಿನಲ್ಲೂ, ಎಳೆ ತಪ್ಪದೆ ನೂತ ಕೈಗೆ ಲಾಳಿ ಹೊಸದು.

ಸಮುದ್ರ ನೋಡುತ್ತಲೇ ಮಾಳಪ್ಪ ಅಂದ: “ಲಾಳಿ ಹಾಂಗ ಹಿಡೀಬ್ಯಾಡ. ಹೆಬ್ಬಟ್ಟು ಮ್ಯಾಲಿರಲಿ.”

“ಗೊತ್ತದ.”

“ಎಡಗಾಲು ಮೊದಲ.”

“ಗೊತ್ತದ ಅಂದ್ನೆಲ್ಲ! ನಿಮ್ಮ ಕಾಲು ನಾ ಮದಿವಿ ಆದಾಗಿಂದ ನೋಡಾಕತ್ತೀನಿ.”

ಧಡ್.

ರೊಟ್ಟಿ ಮೆತ್ತಗಾದದ್ದು

ಇಷ್ಟಕ್ಕೇ ಮುಗಿಯಿತು ಎಂದುಕೊಂಡರೆ ನೀವು ಕರಾವಳಿಯ ಗಾಳಿಯನ್ನು ಬಲ್ಲವರಲ್ಲ. ಮರುದಿನ ಬೆಳಿಗ್ಗೆ ಯಲ್ಲವ್ವ ಡಬ್ಬಿ ತೆಗೆದು ರೊಟ್ಟಿ ಮುರಿಯಲು ಹೋದಳು. ಅದು ಮುರಿಯಲಿಲ್ಲ, ಕರ್ಚೀಫಿನಂತೆ ಮಡಚಿಕೊಂಡಿತು. ಮೂರು ತಿಂಗಳು ಇಟ್ಟರೂ ಟಕ್ ಎಂದು ಮುರಿಯುವ ನಮ್ಮ ಕಡಕ್ ರೊಟ್ಟಿ! ಯಲ್ಲವ್ವ ಅದನ್ನು ಎತ್ತಿ ಹಿಡಿದು ಒಂದು ಕ್ಷಣ ನೋಡಿದವಳೇ ಮಗ್ಗದ ಕಡೆ ಓಡಿದಳು. ಹೌದು, ಹಾಸಿನ ನೂಲೂ ಹಾಗೆಯೇ ಆಗಿತ್ತು. ಊರಿನಲ್ಲೇ ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಿ ತಂತಿಯಂತೆ ಮಾಡಿ ತಂದಿದ್ದ ಉದ್ದೆಳೆಗಳು ಉಪ್ಪುಗಾಳಿ ಕುಡಿದು ಜೋತುಬಿದ್ದಿದ್ದವು. ಹಲಗೆ ಬಡಿದರೆ ಧಡ್ ಎನ್ನದೆ ಪಚ್ ಎನ್ನುತ್ತಿತ್ತು.

ಮತ್ತೆ ಗಂಜಿ ಕಾಯಿಸಿ ಹಚ್ಚಿ ಬಿಸಿಲಿಗೆ ಹರವಿದೆವು. ಟೂರಿಸ್ಟರು ಕೆಂಪಗಾದರು, ನೂಲು ಒಣಗಲಿಲ್ಲ. ಹಗಲೆಲ್ಲ ಕಾದು ಯಲ್ಲವ್ವ ಕಣ್ಣಲ್ಲಿ ನೀರು ತಂದುಕೊಂಡಳು: “ನಾ ಕೈ ಹಚ್ಚಿದ್ದಕ್ಕ ಹಿಂಗಾತೇನೋ ಅಕ್ಕೋರ.”

ಮಾಳಪ್ಪ ಕಂಬದ ಬುಡದಿಂದ ಸಿಡುಕಿದ: “ನಿನ್ನ ಕೈ ರೊಟ್ಟಿ ಡಬ್ಬಿಗೂ ಹತ್ತಿತ್ತೇನು? ಗಾಳಿ ಕೆಟ್ಟದ್ದಿದ್ರ ಕೈಯೇನ್ ಮಾಡ್ತದ? ಸುಮ್ನ ಬೆಂಕಿ ಹುಡುಕು.”

ಬೆಂಕಿ ಸಿಕ್ಕಿದ್ದು ಹೋಟೆಲಿನ ಬೇಕರಿಯಲ್ಲಿ. ಬ್ರೆಡ್ಡು ಬೇಯಿಸುವ ದೊಡ್ಡ ಒಲೆಯ ಎದುರು ಹಗ್ಗ ಕಟ್ಟಿ ನೂಲು ಹರವಿದೆವು. ಬೇಕರಿಯವ ಮೊದಲು ಕುರಿ ವಾಸನೆಗೆ ಮೂಗು ಮುಚ್ಚಿಕೊಂಡ. ಯಲ್ಲವ್ವ ಮೆತ್ತಗಾದ ರೊಟ್ಟಿಗಳನ್ನು ಅವನ ಒಲೆಯಲ್ಲೇ ಬಿಸಿ ಮಾಡಿ ಶೇಂಗಾ ಚಟ್ನಿ ಹಚ್ಚಿ ಕೊಟ್ಟ ಮೇಲೆ ಮೂಗು ಬಿಟ್ಟ. ಎರಡನೆಯ ರೊಟ್ಟಿಗೆ ಅವನೇ ಕೈಯೊಡ್ಡಿದ. ಮೂರು ತಾಸಿನಲ್ಲಿ ನೂಲು ಟಣ್ ಎನ್ನುವಂತಾಯಿತು. ಮುಂದೆ ಪ್ರತಿದಿನ ಕೆಲಸ ಮುಗಿಸಿದ ಮೇಲೆ ಮಗ್ಗದ ಮೇಲೆ ಬಿಸಿ ಗೋಣಿಚೀಲ ಹೊದಿಸುವುದು ಬೇಕರಿಯವನದೇ ಡ್ಯೂಟಿ. ಜಗತ್ತಿನಲ್ಲಿ ಬಿಸಿ ಬನ್ನಿನ ವಾಸನೆ ಬರುವ ಕಂಬಳಿ ಅದೊಂದೇ ಇರಬೇಕು.

ಆಮೇಲಿನ ದಿನಗಳು ಹೇಗೆ ಕಳೆದವೋ. ನಾನು ಮರದ ಕೆಳಗಿನ ಮೇಜನ್ನು ಬಿಟ್ಟು ಟೈಪ್‌ರೈಟರನ್ನು ಜಗಲಿಯ ಮತ್ತೊಂದು ತುದಿಗೆ ತಂದುಕೊಂಡೆ. ಅವಳ ಧಡ್, ನನ್ನ ಟಕಟಕ, ಆಚೆ ಅಲೆ. ಮಾಳಪ್ಪ ಮಾಡಲು ಕೆಲಸವಿಲ್ಲದೆ, ಯಾರೂ ಹೇಳದೆಯೇ, ಅವಳಿಗೆ ನೂಲು ಸುತ್ತಿಕೊಡತೊಡಗಿದ. ಹೆಂಗಸರ ಕೆಲಸ. ಮೊದಮೊದಲು ಯಾರಾದರೂ ಬಂದರೆ ನೂಲನ್ನು ಪಂಚೆಯಡಿ ಮುಚ್ಚಿಕೊಳ್ಳುತ್ತಿದ್ದ, ಆಮೇಲೆ ಮರೆತ. ಮಧ್ಯಾಹ್ನ ಮೂವರೂ ಸೋಮಪಾಲ ಕೊಚ್ಚಿ ಕೊಟ್ಟ ಎಳನೀರು ಕುಡಿದು ಸಮುದ್ರ ನೋಡುತ್ತಿದ್ದೆವು.

“ಇಂವನೂ ನೇಯಾಕತ್ತಾನೇನ್ರಿ ಅಕ್ಕೋರ?” ಯಲ್ಲವ್ವ ಅಲೆಗಳತ್ತ ಗದ್ದ ಎತ್ತಿ ಕೇಳಿದಳು. “ಒಂದೇ ಸಮ ಬಡೀತಾನ. ಕಂಬಳಿ ಮಾತ್ರ ಇಳಿಯವಲ್ದು.”

“ಹೆಂಡ್ತಿ ನೂಲು ಕೊಟ್ಟಿರಂಗಿಲ್ಲ” ಎಂದ ಮಾಳಪ್ಪ.

ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಬಿಸಿಲು ಕಾಯಿಸುತ್ತಿದ್ದವರು ಟವೆಲ್ಲು ತಲೆಗೆ ಹಿಡಿದು ಓಡಿದರು. ಮಾಳಪ್ಪ ಊರಿನಿಂದ ತಂದ ತನ್ನ ಹಳೆ ಕಂಬಳಿಯ ಒಂದು ತುದಿ ಮಡಚಿ, ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಸೋಮಪಾಲನ ಹೆಗಲು ಹಿಡಿದು ಕುಂಟುತ್ತ ಹುಲ್ಲುಹಾಸು ದಾಟಿ ಬಂದ. ಹನಿಗಳು ಕಂಬಳಿಯ ಮೇಲೆ ಮುತ್ತಿನಂತೆ ನಿಂತು ಜಾರಿದವು. ಒಳಗೆ ಹನಿಯೂ ತಾಗದ ಮಾಳಪ್ಪ. ವರಾಂಡದಲ್ಲಿ ನೆನೆದು ನಿಂತವರೆಲ್ಲ ಚಪ್ಪಾಳೆ ಹೊಡೆದರು. ಪೆರೇರಾನ ಮುಖದಲ್ಲಿ ಅಂದು ಮೊದಲ ಬಾರಿ ನಗು ಕಂಡೆ. ಕಂಬಳಿ ಯಾಕೆ ಎಂಬ ಪ್ರಶ್ನೆ ಅವನಿಗೂ ಇದ್ದಿರಬೇಕು.

ಕೊನೆಯ ಸಂಜೆ

ಮಗ್ಗವನ್ನು ಜಗಲಿಯಲ್ಲೇ ಬಿಟ್ಟು, ಅತಿಥಿಗಳನ್ನೇ ಹಿತ್ತಲಿಗೆ ಕರೆತಂದರು. ಅವರು ಬರುವ ಮೊದಲೇ ಯಲ್ಲವ್ವ ಕೊನೆಯ ಎಳೆ ಬಡಿದು ಇಳಿದು, ರೂಢಿಯಂತೆ ಹಿಂದೆ ಹೋಗಿ ನಿಂತುಬಿಟ್ಟಳು, ಸೆರಗು ತಲೆಯ ಮೇಲೆ. ಮಾಳಪ್ಪ ಕುಳಿತಲ್ಲಿಂದಲೇ ಕುಡುಗೋಲಿನಿಂದ ಎಳೆಗಳನ್ನು ಕತ್ತರಿಸಿದ. ಕಪ್ಪು ಕಂಬಳಿ, ಅಂಚಿಗೆ ಬಿಳಿ ಗೆರೆ. ಮೊದಲ ಒಂದು ಗೇಣು ಸೊಟ್ಟಗಿತ್ತು, ಆಮೇಲೆ ನೆಟ್ಟಗೆ.

ಬಿಳಿಕೂದಲಿನ ಒಬ್ಬ ಜರ್ಮನ್ ಅಜ್ಜಿ ಬಗ್ಗಿ, ಆ ಸೊಟ್ಟ ಗೇಣಿನ ಮೇಲೆ ಬೆರಳಾಡಿಸಿ, ಇದನ್ನು ನೇಯ್ದವರು ಯಾರು ಎಂದು ನನ್ನನ್ನು ಕೇಳಿದಳು. ಪೆರೇರಾ ಅಚ್ಚು ಹಾಕಿಸಿದ ಕಾರ್ಡಿನಲ್ಲಿ ಮಾಳಪ್ಪನ ಹೆಸರಿತ್ತು. ಹೇಳಬೇಡಿ ಎಂದು ಯಲ್ಲವ್ವ ಕಣ್ಣಲ್ಲೇ ನನಗೆ ಸನ್ನೆ ಮಾಡಿದಳು. ನಾನು ಮಾಳಪ್ಪನಿಗೆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ.

ಅವನು ಕುಡುಗೋಲು ಕೆಳಗಿಟ್ಟ. ಕಂಬಳಿಯನ್ನೇ ನೋಡುತ್ತ, “ನಾ ನೂಲು ಸುತ್ತಿಕೊಟ್ಟೀನಿ ಅಂತ ಹೇಳ್ರಿ” ಎಂದ.

ನಾನು ಹೇಳಿದೆ. ಅಜ್ಜಿ ಹಾಗಾದರೆ ಎಂದು ಸುತ್ತ ನೋಡಿ, ಸೆರಗಿನ ಹಿಂದಿದ್ದವಳನ್ನು ಹುಡುಕಿ ತೆಗೆದು, ಎರಡೂ ಕೈ ಹಿಡಿದುಕೊಂಡಳು. ಯಲ್ಲವ್ವನ ಮುಖ ನೋಡಬೇಕಿತ್ತು ನೀವು. ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ ಎಂಬ ದುಃಖ ಈಗಲೂ ಇದೆ.

ಅಂದು ಬೆಳಕಿರುವಾಗಲೇ ಸಮುದ್ರಕ್ಕೆ ಇಳಿದೆವು. ಮಾಳಪ್ಪ ನೀರಿನಂಚಿಗೆ ಕುಳಿತು ಒಳ್ಳೆಯ ಕಾಲನ್ನಷ್ಟೇ ನೆನೆಸಿದ. ನಾನೂ ಯಲ್ಲವ್ವನೂ ಕೈಕೈ ಹಿಡಿದು ಮೊಳಕಾಲುದ್ದ ಹೋದೆವು, ಒಂದು ಅಲೆ ಬಂದು ಇಬ್ಬರನ್ನೂ ಕೂರಿಸಿ, ನನ್ನ ಚಪ್ಪಲಿ ಒಂದನ್ನು ತೆಗೆದುಕೊಂಡು ಹೋಯಿತು. ಅಷ್ಟು ನಕ್ಕದ್ದು ಬೋರ್ಡಿಂಗ್ ಬಿಟ್ಟ ಮೇಲೆ ಅದೇ ಮೊದಲು.

“ಊರಾಗ ಹೇಳಬ್ಯಾಡ್ರಿ ಅಕ್ಕೋರ,” ನೀರು ಹಿಂಡುತ್ತ ಅಂದಳು. “ನಾ ನೇಯ್ದದ್ದು. ಅಲ್ಲಿ ಗುಂಡಿ ಅದ.”

ಕಂಬಳಿ ಹೋಟೆಲಿನಲ್ಲೇ ಉಳಿಯಿತು. ಕೊನೆಯ ರಿಪೋರ್ಟಿನಲ್ಲಿ ‘ನೇಕಾರರ ಹೆಸರು’ ಎಂಬ ಕಾಲಂ ಇತ್ತು. ಬಹಳ ಯೋಚಿಸಿ, ‘ಮಾಳಪ್ಪ ಅಂಡ್ ಫ್ಯಾಮಿಲಿ’ ಎಂದು ಟೈಪ್ ಮಾಡಿದೆ. ಸುಳ್ಳಲ್ಲ. ಆದರೂ ಆ ಸಾಲು ಇಷ್ಟು ವರ್ಷವಾದರೂ ಹಲ್ಲಿಗೆ ಸಿಕ್ಕ ಮರಳಿನಂತೆ ನನಗೆ ಕರಕರ ಎನ್ನುತ್ತದೆ. ಅವಳು ಬೇಡ ಎಂದಿದ್ದಳು ನಿಜ. ಮಾಳಪ್ಪನಿಗಿದ್ದ ಧೈರ್ಯ ಮಾತ್ರ ನನ್ನ ಟೈಪ್‌ರೈಟರಿಗೆ ಇರಲಿಲ್ಲ.

ಮತ್ತೆ ಜಾಲಹಳ್ಳಿ

ಅದಾದ ಐದಾರು ವರ್ಷಕ್ಕೆ ನನಗೆ ವರ್ಗವಾಯಿತು. ಹೊರಡುವ ಮೊದಲು ಮಾನ್ವಿಗೆ ಹೋಗಿ ಅವ್ವನನ್ನು ಕಂಡು, ಮರುದಿನ ದೇವದುರ್ಗದ ಬಸ್ಸು ಹಿಡಿದು ಜಾಲಹಳ್ಳಿಗೆ ಹೋದೆ, ಹೇಳಿ ಬರೋಣವೆಂದು. ಓಣಿ ಕಾಣುವ ಮೊದಲೇ ಸದ್ದು ಎದುರಾಯಿತು. ಧಡ್, ಧಡ್. ಒಂದು ಉಸಿರು. ಧಡ್.

ಕಟ್ಟೆಯ ಮೇಲೆ ಮಾಳಪ್ಪ ಕುಳಿತಿದ್ದ, ತಲೆ ಪೂರ್ತಿ ಬೆಳ್ಳಗಾಗಿ. ಕೈಯಲ್ಲಿ ನೂಲಿನ ಉಂಡೆ ಸುತ್ತುತ್ತಿದ್ದ. ಓಣಿಯ ಜನ ಹೋಗಿ ಬರುತ್ತಿದ್ದರು, ಅವನು ಯಾರಿಂದಲೂ ಉಂಡೆ ಮುಚ್ಚಿಕೊಳ್ಳಲಿಲ್ಲ.

“ಬರ್ರಿ ಬರ್ರಿ ಅಕ್ಕೋರ! ಸಿಲೋನಿಗಿ ಹೊಂಟೀವೇನ್ರಿ ಮತ್ತ?”

“ಯಾರಪ್ಪಾ ಮಗ್ಗದಾಗ?” ಎಂದೆ.

“ಹೋಗಿ ನೋಡ್ರಿ. ನನ್ನ ಮಾತು ಯಾರು ಕೇಳ್ತಾರ ಈ ಮನ್ಯಾಗ.”

ಒಳಗೆ ಕತ್ತಲು. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಬಿಳಿ ಗೆರೆಯಷ್ಟೇ ಕಂಡಿತು, ಕಪ್ಪು ಕಂಬಳಿಯ ಅಂಚಿನದು. ಆಮೇಲೆ ಯಲ್ಲವ್ವ. ಸೊಂಟದವರೆಗೆ ನೆಲದಲ್ಲಿದ್ದಳು. ಎದ್ದು ಬರಲು ಹೋದಳು, ನಾನು ಬೇಡ ಎಂದೆ. ಲಾಳಿ ಹಿಡಿದ ಕೈಯನ್ನು ಹಣೆಗೆ ಮುಟ್ಟಿಸಿ ನಮಸ್ಕಾರ ಮಾಡಿದಳು, ಹೆಬ್ಬೆರಳು ಮೇಲಿತ್ತು. ಗುಂಡಿಯೊಳಗೆ ಬಗ್ಗಿ ನೋಡಿ, ನನ್ನ ಕಡೆ ಮುಖ ಎತ್ತಿ ನಕ್ಕಳು.

“ಹೆದರಬ್ಯಾಡ್ರಿ ಅಕ್ಕೋರ. ಇಲ್ಲಿ ನೀರು ಬಂದಿಲ್ಲ.”

ಬಸ್ಸಿಗೆ ಹೊತ್ತಾಗಿತ್ತು. ಕುಳಿತು ಚಹಾ ಕುಡಿಯಲಿಲ್ಲ, ಇನ್ನೊಮ್ಮೆ ಬರುತ್ತೇನಲ್ಲ ಎಂದುಕೊಂಡೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಅವಳು ಆಗಲೇ ಎಡಗಾಲು ಒತ್ತಿದ್ದಳು. ನಾನು ಯಲ್ಲವ್ವನನ್ನು ಕಂಡದ್ದು ಅದೇ ಕೊನೆ.